ಕಂಪ್ಯೂಟರ್ ತೆರೆದುಕೊಳ್ಳಲು ತಡವೇ? ಫಾರ್ಮ್ಯಾಟ್‌ಗೆ ಮೊದಲು ಇಷ್ಟು ನೋಡಿ

ಆನ್ ಮಾಡಿದರೆ ಹತ್ತು ನಿಮಿಷ ಏಳುವುದಿಲ್ಲ ಎಂದು ಕಂಪ್ಯೂಟರನ್ನು ಚಿಕ್ಕಮಗಳೂರಿನ ಪೇಟೆಗೆ ಹೊತ್ತು ತಂದವರಿಗೆ ಸಾಮಾನ್ಯವಾಗಿ ಸಿಗುವ ಮೊದಲ ಸಲಹೆ ಒಂದೇ: ಫಾರ್ಮ್ಯಾಟ್, ಅಂದರೆ ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ಮಾಡಿಸಿದ ಮೇಲೆ ಕೆಲವು ದಿನ ಚುರುಕಾಗಿಯೂ ಇರುತ್ತದೆ. ಆದರೆ ರೋಗ ಯಾವುದೆಂದು ಗೊತ್ತಾಗದೆ ಕೊಟ್ಟ ಮದ್ದು ಅದು. ಕಾರಣ ಡಿಸ್ಕಿನಲ್ಲೋ ನೆಟ್‌ವರ್ಕಿನಲ್ಲೋ ಇದ್ದರೆ ತೊಂದರೆ ಮರಳಿ ಬರುತ್ತದೆ. ತೋಟದ ಮಸ್ಟರ್ ರೋಲ್, ಟ್ಯಾಲಿ ಲೆಕ್ಕ ಮಾತ್ರ ಮರಳಿ ಬರುವುದಿಲ್ಲ.

ಮೊದಲು ತಡ ಎಲ್ಲಾಗುತ್ತಿದೆ ಎಂದು ಅಳೆಯಿರಿ. ಮೊಬೈಲಿನ ಸ್ಟಾಪ್‌ವಾಚ್ ಸಾಕು. ಬಟನ್ ಒತ್ತಿದಾಗಿನಿಂದ ಚುಕ್ಕಿಗಳು ಸುತ್ತಲು ಆರಂಭಿಸುವವರೆಗೆ ಒಂದು ಹಂತ, ಅಲ್ಲಿಂದ ಪಾಸ್‌ವರ್ಡ್ ಕೇಳುವವರೆಗೆ ಎರಡನೆಯದು, ಪಾಸ್‌ವರ್ಡ್ ಕೊಟ್ಟು ನಿಜವಾಗಿ ಕೆಲಸ ಶುರುವಾಗುವವರೆಗೆ ಮೂರನೆಯದು. ಮೂರನ್ನೂ ಬರೆದಿಟ್ಟುಕೊಳ್ಳಿ. ಅಳೆಯುವಾಗ ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತಿ, ಪರದೆ ಕಪ್ಪಾದಾಗಿನಿಂದ ಮೊದಲ ಹಂತ ಎಣಿಸಬೇಕು. ವಿಂಡೋಸ್ 8ರಿಂದ ಈಚೆಗೆ ಬಂದಿರುವ ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ವ್ಯವಸ್ಥೆಯಿಂದಾಗಿ ಶಟ್‌ಡೌನ್ ಮಾಡಿದರೂ ವಿಂಡೋಸಿನ ಒಳತಿರುಳು ಪೂರ್ತಿ ಮುಚ್ಚುವುದಿಲ್ಲ. ಡಿಸ್ಕಿನಲ್ಲಿ ಕಡತವಾಗಿ ಉಳಿದು ಮರುದಿನ ಹಾಗೆಯೇ ಎದ್ದು ಬರುತ್ತದೆ. ದಿನವೂ ಶಟ್‌ಡೌನ್ ಮಾಡುವವರ ಯಂತ್ರ ವಾರಗಟ್ಟಲೆ ಹೊಸದಾಗಿ ಶುರುವಾಗಿರುವುದೇ ಇಲ್ಲ. ರೀಸ್ಟಾರ್ಟ್ ಮಾಡಿದ ಮೇಲೆ ಸರಿಹೋಗುವ ತೊಂದರೆಯಾದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್‌ನ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್‌ನ ಟಿಕ್ ತೆಗೆದು ನೋಡಿ.

ಮೊದಲ ಹಂತದ ತಡ

ಇದು ವಿಂಡೋಸಿನ ತಪ್ಪಲ್ಲ, ಅದಿನ್ನೂ ಕಣ್ಣೇ ಬಿಟ್ಟಿರುವುದಿಲ್ಲ. ಪೆನ್‌ಡ್ರೈವ್, ಬಾಹ್ಯ ಹಾರ್ಡ್‌ಡಿಸ್ಕ್ ಸಿಕ್ಕಿಸಿದ್ದರೆ ಕಿತ್ತು ಮತ್ತೆ ಅಳೆಯಿರಿ. ಯಂತ್ರ ಅದರಲ್ಲಿ ವಿಂಡೋಸ್ ಹುಡುಕುತ್ತ ಕುಳಿತಿರಬಹುದು. ಕಪ್ಪು ಪರದೆಯ ಮೇಲೆ ಎಫ್1 ಒತ್ತಿ ಎಂಬ ಸೂಚನೆ ಬರುತ್ತಿದ್ದು, ದಿನಾಂಕ ಹಳೆಯ ಯಾವುದೋ ವರ್ಷಕ್ಕೆ ಜಾರಿದ್ದರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಸೆಲ್ ಮುಗಿದಿದೆ ಎಂದರ್ಥ. ಬಹುತೇಕ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್2032. ಮಲೆನಾಡಿನಲ್ಲಿ ಈ ಸೆಲ್ ಬೇಗ ಸೋಲಲು ಕಾರಣವಿದೆ. ಪ್ಲಗ್‌ನಲ್ಲಿ ವಿದ್ಯುತ್ ಇರುವಷ್ಟು ಹೊತ್ತು ಒಳಗಿನ ಗಡಿಯಾರ ಅದರಿಂದಲೇ ನಡೆಯುತ್ತದೆ, ಕರೆಂಟ್ ಹೋದಾಗ ಮಾತ್ರ ಸೆಲ್ಲಿನ ಸರದಿ. ಜುಲೈ ಮಳೆಗೆ ಮರ ಉರುಳಿ ಮೂಡಿಗೆರೆ, ಕೊಪ್ಪದ ಕಡೆ ದಿನಗಟ್ಟಲೆ ಕರೆಂಟ್ ಇಲ್ಲದಿದ್ದರೆ ಅಷ್ಟೂ ಭಾರ ಅದರ ಮೇಲೆ. ಸೆಲ್ ಬದಲಿಸಿ, ದಿನಾಂಕ ಸರಿಪಡಿಸಿದರೆ ಈ ಭಾಗದ ಕೆಲಸ ಮುಗಿಯಿತು.

ಎರಡನೆಯ ಹಂತ: ಡಿಸ್ಕ್ ನೋಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಡಿಸ್ಕ್ ಎಚ್‌ಡಿಡಿಯೋ (ತಟ್ಟೆ ತಿರುಗುವ ಬಗೆ) ಎಸ್‌ಎಸ್‌ಡಿಯೋ (ತಿರುಗುವ ಭಾಗವಿಲ್ಲದ, ಚಿಪ್‌ಗಳ ಬಗೆ) ಎಂಬುದು ಬರೆದಿರುತ್ತದೆ. ಎಚ್‌ಡಿಡಿ ಆಗಿದ್ದು, ಕಂಪ್ಯೂಟರ್ ತೆರೆದುಕೊಂಡು ಎಷ್ಟೋ ಹೊತ್ತಾದರೂ ಬಳಕೆ ನೂರಕ್ಕೆ ನೂರು ತೋರಿಸುತ್ತಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ತಿರುಗುವ ತಟ್ಟೆಯ ಮೇಲೆ ತಲೆ ಅತ್ತಿತ್ತ ಸರಿದು ಓದುವ ಈ ಡಿಸ್ಕ್, ಚದುರಿದ ಸಣ್ಣ ಕಡತಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಓದಬಲ್ಲದು. ಎಸ್‌ಎಸ್‌ಡಿಯದು ಸಾವಿರಗಳ ಲೆಕ್ಕ. ವಿಂಡೋಸ್ ಏಳುವಾಗ ಓದುವುದೆಲ್ಲ ಇಂಥ ಸಣ್ಣ ಕಡತಗಳನ್ನೇ. ಹಳೆಯ ಯಂತ್ರಕ್ಕೆ ಖರ್ಚು ಮಾಡುವುದಿದ್ದರೆ ನನ್ನ ಮತ ಎಸ್‌ಎಸ್‌ಡಿಗೆ. 4 ಜಿಬಿ ಇರುವ ರ‍್ಯಾಮನ್ನು 8ಕ್ಕೆ ಏರಿಸುವುದು ಅದರ ನಂತರ.

ಮೊದಲೆಲ್ಲ ಸರಿಯಿದ್ದು ಈಚೆಗೆ ಕೆಟ್ಟಿದ್ದರೆ, ಯುಪಿಎಸ್ ಇಲ್ಲದೆ ಪದೇ ಪದೇ ಕರೆಂಟ್ ಹೋದ ಯಂತ್ರವಾಗಿದ್ದರೆ, ಡಿಸ್ಕೇ ಸಾಯುತ್ತಿರಬಹುದು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿ. ನೀಲಿ ಬಂದರೆ ಸದ್ಯಕ್ಕೆ ಕ್ಷೇಮ. ಹಳದಿ ಅಥವಾ ಕೆಂಪು ಬಂದರೆ ಉಳಿದ ಎಲ್ಲ ಪರೀಕ್ಷೆಗಳನ್ನೂ ಅಲ್ಲಿಗೇ ನಿಲ್ಲಿಸಿ, ಬೇಕಾದ ಕಡತಗಳನ್ನು ಬೇರೆಡೆಗೆ ನಕಲು ಮಾಡಿ. ಡಿಸ್ಕ್ ರಿಪೇರಿ ಆಜ್ಞೆಗಳನ್ನು ಓಡಿಸುವ ಆತುರ ಬೇಡ. ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ಓದಿಸಿದರೆ ಉಳಿದದ್ದೂ ಹೋಗಬಹುದು.

ಪಾಸ್‌ವರ್ಡ್ ಕೊಟ್ಟ ಮೇಲೆ

ಟಾಸ್ಕ್ ಮ್ಯಾನೇಜರ್‌ನಲ್ಲೇ ಸ್ಟಾರ್ಟ್‌ಅಪ್ ವಿಭಾಗವಿದೆ. ಲಾಗಿನ್ ಆದೊಡನೆ ಯಾರಿಗೂ ಹೇಳದೆ ಎದ್ದು ಕೂರುವವರ ಪಟ್ಟಿ ಅದು. ಮೀಟಿಂಗ್ ಆ್ಯಪ್, ಆಟಗಳ ಲಾಂಚರ್, ಎಂದೋ ಮಾರಿದ ಪ್ರಿಂಟರಿನ ಸಹಾಯಕ ತಂತ್ರಾಂಶ, ಇವನ್ನೆಲ್ಲ ಡಿಸೇಬಲ್ ಮಾಡಿ. ಅವು ಅಳಿಸಿಹೋಗುವುದಿಲ್ಲ, ಬೇಕಾದಾಗ ನೀವೇ ತೆರೆಯಬಹುದು. ಆ್ಯಂಟಿವೈರಸ್, ಟಚ್‌ಪ್ಯಾಡ್, ನುಡಿ ಕೀಲಿಮಣೆ ಇವುಗಳ ತಂಟೆಗೆ ಹೋಗಬೇಡಿ. ಹಣ ಕೊಟ್ಟು ಕೊಂಡ ಆ್ಯಂಟಿವೈರಸ್ ಎರಡಿದ್ದರೆ ಒಂದನ್ನು ತೆಗೆದುಹಾಕಲೇಬೇಕು.

ಕಚೇರಿಗಳಲ್ಲಿ ಇನ್ನೊಂದು ಕಾಟವಿದೆ. ಎಸ್ಟೇಟ್ ಆಫೀಸಿನಲ್ಲಿ ಲೆಕ್ಕದ ಕಡತಗಳು ಪಕ್ಕದ ಕೋಣೆಯ ಯಂತ್ರದಲ್ಲಿದ್ದು, ಇಲ್ಲಿ ಅದು ಜ಼ಡ್ ಡ್ರೈವ್ ಆಗಿ ಕಾಣುವಂತೆ ಜೋಡಿಸಿರುತ್ತಾರೆ. ಲೆಕ್ಕ ಬರೆಯುವ ರೈಟರ್ ಇನ್ನೂ ಬಂದು ಆ ಯಂತ್ರ ಆನ್ ಮಾಡಿಲ್ಲವೆಂದರೆ ಈ ಕಂಪ್ಯೂಟರ್ ಅದನ್ನು ಕರೆಯುತ್ತ, ಉತ್ತರಕ್ಕೆ ಕಾಯುತ್ತ ಕುಳಿತುಬಿಡಬಹುದು. ಪರೀಕ್ಷೆ ಸುಲಭ: ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆರಿಸಿ ಲಾಗಿನ್ ಆಗಿ. ತಕ್ಷಣ ತೆರೆದುಕೊಂಡರೆ ದೋಷ ನೆಟ್‌ವರ್ಕಿನದು. ದೊಡ್ಡ ಸಂಸ್ಥೆಗಳ ಡೊಮೇನ್‌ಗೆ, ಅಂದರೆ ಲಾಗಿನ್‌ಗಳನ್ನೆಲ್ಲ ಒಂದೇ ಸರ್ವರ್ ನೋಡಿಕೊಳ್ಳುವ ಜಾಲಕ್ಕೆ, ಸೇರಿದ ಯಂತ್ರವಾದರೆ ಡಿಎನ್‌ಎಸ್ (ಹೆಸರಿನಿಂದ ಯಂತ್ರದ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ವಿಳಾಸ ಸಂಸ್ಥೆಯ ಸರ್ವರಿನದೇ ಇದೆಯೇ ಎಂದು ನೋಡಲು ಅಲ್ಲಿನ ತಂತ್ರಜ್ಞರಿಗೆ ಹೇಳಿ. ಯಾರೋ ಬ್ರೌಸಿಂಗ್ ವೇಗವಾಗಲೆಂದು ಹೊರಗಿನ ವಿಳಾಸ ಹಾಕಿಟ್ಟಿದ್ದರೆ ಲಾಗಿನ್ ನಿಮಿಷಗಟ್ಟಲೆ ನಿಲ್ಲುತ್ತದೆ.

ಅದೂ ಅಲ್ಲವೆಂದರೆ ಹೊಸ ಬಳಕೆದಾರ ಖಾತೆಯೊಂದನ್ನು ತೆರೆದು ಅದರಲ್ಲಿ ಲಾಗಿನ್ ಆಗಿ. ಅದು ಸಲೀಸಾಗಿ ತೆರೆದುಕೊಂಡರೆ ನಿಮ್ಮ ಹಳೆಯ ಪ್ರೊಫೈಲ್, ಅಂದರೆ ಹಳೆಯ ಖಾತೆಯ ಸೆಟ್ಟಿಂಗ್‌ಗಳು, ಕೆಟ್ಟಿದೆ. ಕಡತಗಳನ್ನು ಹೊಸ ಖಾತೆಗೆ ಸಾಗಿಸಿದರಾಯಿತು, ವಿಂಡೋಸ್ ಮುಟ್ಟಬೇಕಿಲ್ಲ.

ಎಸ್‌ಎಸ್‌ಡಿ ಹಾಕಿಸುವಾಗ ಹಳೆಯ ಡಿಸ್ಕನ್ನು ಇದ್ದ ಹಾಗೆಯೇ ಕ್ಲೋನ್ ಮಾಡಿಕೊಡಲು ಕೇಳಿ, ಟ್ಯಾಲಿ ತೆರೆದು ನೋಡುವವರೆಗೂ ಹಳೆಯದನ್ನು ಅಳಿಸಬೇಡಿ. ಹೊಸದಾಗಿಯೇ ವಿಂಡೋಸ್ ಹಾಕಿಸುವುದಾದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದು ನೆನಪಿರಲಿ. ಹಾಗೆ ಹಾಕಿಸಿದ ಮೇಲೆ ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ ಪತ್ರಗಳು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಂಡರೆ ಗಾಬರಿ ಬೇಡ. ಕಡತ ಕೆಟ್ಟಿಲ್ಲ, ಫಾಂಟ್ ಮಾತ್ರ ಹೋಗಿದೆ. ನುಡಿಯನ್ನು ಮತ್ತೆ ಹಾಕಿದರೆ ಕನ್ನಡ ಕಾಣಿಸುತ್ತದೆ.