ಐವತ್ತೊಂದು ಫ್ರೇಮು: ಚಿಪ್ ಇಲ್ಲದೆ ಸ್ಟೇಜ್ ರೇಸಿಗೆ ಟೈಮ್ ಹಿಡಿದ ನನ್ನ ಅನುಭವ

ಸಾಗರ ಪೇಟೆಗೆ ಮೂರ್ನಾಲ್ಕು ಕಿಲೋಮೀಟರ್ ಮೊದಲು ನಮ್ಮ ಸೈಕಲ್ ರೇಸಿನ ಕೊನೇ ಸ್ಟೇಜು, ಅಂದರೆ ಕೊನೇ ದಿನದ ಓಟ, ಮುಗಿಯುವ ಗೆರೆ. ಕಳೆದ ಡಿಸೆಂಬರಿನಲ್ಲಿ ಆ ಗೆರೆ ಪಕ್ಕ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಫೋನಿನ ವಿಡಿಯೋವನ್ನು ಒಂದೊಂದೇ ಫ್ರೇಮು ಮುಂದೆ ತಳ್ಳುತ್ತಾ ಎಣಿಸುತ್ತಿದ್ದೆ. ಕತ್ತಿನ ಹಿಂದೆ ಇಪ್ಪತ್ತು ಜನರ ಉಸಿರು. ನಲವತ್ತೊಂಬತ್ತು, ಐವತ್ತು, ಐವತ್ತೊಂದು. ಅಲ್ಲಿಗೆ ನಿಂತಿತು. ಅರವತ್ತು ಆಗಿದ್ದರೆ ರೇಸು ಬೆಂಗಳೂರಿನ ಹುಡುಗನದು. ಆಗಲಿಲ್ಲ, ವಿಜಯಪುರದ ಹುಡುಗನದೇ ಆಯಿತು. ಮೂರು ದಿನ, ಹತ್ತಿರ ಹತ್ತಿರ 160 ಕಿಲೋಮೀಟರ್, ಕೊನೆಗೆ ಇಬ್ಬರ ಮಧ್ಯೆ ಒಂದೇ ಸೆಕೆಂಡು.

‘ಚಿಪ್ ಇಲ್ಲದೆ ಸ್ಟೇಜ್ ರೇಸ್ ಮಾಡ್ಬೇಡ ಮಾರಾಯ, ಇರೋ ಮರ್ಯಾದೆನೂ ಹೋಗತ್ತೆ’ ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಚಿಪ್ ಅಂದರೆ ಸೈಕಲ್ಲಿಗೆ ಕಟ್ಟುವ ಪುಟ್ಟ ಸಾಧನ, ಗೆರೆಯಲ್ಲಿ ಹಾಸಿದ ಮ್ಯಾಟು ದಾಟಿದಾಗ ಟೈಮು ತಾನಾಗಿ ದಾಖಲಾಗುತ್ತದೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಜಿಸಿ ಅಂದರೆ ಎಲ್ಲ ಸ್ಟೇಜುಗಳ ಒಟ್ಟು ಟೈಮು, ಕಮ್ಮಿ ಇದ್ದವನು ಗೆದ್ದ; ಬೋನಸ್ ಸೆಕೆಂಡು ಅಂದರೆ ಸ್ಟೇಜಿನಲ್ಲಿ ಮೊದಲು ಬಂದವರ ಟೈಮಿನಿಂದ ಕಳೆಯುವುದು. ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ಅದು ಗೊತ್ತಿಲ್ಲದವರು ರೇಸ್ ಮಾಡಿಸುವ ಹುಚ್ಚಿಗೆ ಬೀಳುವುದೂ ಇಲ್ಲ.

ನಮ್ಮ ರೇಸು ಸಣ್ಣದು. ಮೊದಲ ದಿನ ಗಾಜನೂರಿನಿಂದ ಮಂಡಗದ್ದೆ ಮೇಲೆ ತೀರ್ಥಹಳ್ಳಿ. ಬೆಳಿಗ್ಗೆ ಆರೂವರೆಗೇ ಬಾವುಟ, ಸಕ್ರೆಬೈಲಿಗೆ ಆನೆ ನೋಡುವವರ ಕಾರುಗಳು ಬರುವುದರೊಳಗೆ ನಾವು ದಾಟಿರಬೇಕು. ಎರಡನೇ ದಿನ ತೀರ್ಥಹಳ್ಳಿಯಿಂದ ಹೊರಟು ಕುಂದಾದ್ರಿ ಬೆಟ್ಟದ ಮೇಲೆ ಮುಗಿಯುತ್ತದೆ. ಮೂರನೇ ದಿನ ಕೋಣಂದೂರು, ರಿಪ್ಪನ್‌ಪೇಟೆ, ಆನಂದಪುರ, ಸಾಗರ. ಏಳುವುದು ಇಳಿಯುವುದು ಬಿಟ್ಟರೆ ಆ ರಸ್ತೆಯಲ್ಲಿ ಬೇರೇನಿಲ್ಲ.

ಮೊದಲ ವರ್ಷ ಮೂರು ಜನ, ಮೂರು ಸ್ಟಾಪ್‌ವಾಚು, ಒಂದು ನೋಟ್‌ಬುಕ್ಕು. ತೀರ್ಥಹಳ್ಳಿಯ ಗೆರೆಗೆ ಇಪ್ಪತ್ತೈದು ಜನ ಒಂದೇ ಗುಂಪಾಗಿ ನುಗ್ಗಿದರು. ಒಬ್ಬ ತಡವಾಗಿ ಒತ್ತಿದ. ಇನ್ನೊಬ್ಬ ಸ್ಪ್ರಿಂಟ್ ನೋಡುತ್ತಾ ಬಾಯಿ ಬಿಟ್ಟುಕೊಂಡು ನಿಂತ. ಮೂರನೆಯವನು ನಾನೇ, ಒತ್ತಿದ್ದೇನೋ ಒತ್ತಿದೆ, ಆದರೆ ಗಾಬರಿಯಲ್ಲಿ ಇನ್ನೊಂದು ಸಲ ಒತ್ತಿ ಸೊನ್ನೆ ಮಾಡಿಬಿಟ್ಟೆ. ಆರನೇ ಸ್ಥಾನದ ಆಚೆ ಯಾರು ಯಾವಾಗ ಬಂದರು ಅಂತ ದೇವರಿಗೇ ಗೊತ್ತು. ಮೂರನೇ ಬಹುಮಾನ 5 ಸಾವಿರವನ್ನು ಇಬ್ಬರಿಗೆ ಕೊಟ್ಟೆ, ಒಂದು ನನ್ನ ಜೇಬಿನಿಂದ. ಸಾಲದು ಅಂತ ಡೇಟು ಇಟ್ಟಿದ್ದು ಎಳ್ಳಮಾವಾಸ್ಯೆ ಜಾತ್ರೆಯ ವಾರ. ಈ ಕಡೆಯವನೇ ಆಗಿ ಪಂಚಾಂಗ ನೋಡಿರಲಿಲ್ಲ. ತೀರ್ಥಹಳ್ಳಿಯಲ್ಲಿ ಒಂದೇ ಒಂದು ರೂಮು ಸಿಗಲಿಲ್ಲ. ರೈಡರುಗಳು ಕಲ್ಯಾಣ ಮಂಟಪದ ಜಮಖಾನದ ಮೇಲೆ ಮಲಗಿದರು.

ಅವತ್ತು ಸಂಜೆ ಒಬ್ಬ ಹುಡುಗನ ತಂದೆ ನನ್ನನ್ನು ಹಿಡಿದು ನಿಲ್ಲಿಸಿದರು. ‘ಅಲ್ಲ ಸ್ವಾಮಿ, ನನ್ನ ಮಗ ಎರಡನೆಯವನು. ಇಪ್ಪತ್ತೆರಡನೆಯವನಿಗೂ ಅದೇ ಟೈಮ್ ಬರೆದಿದ್ದೀರಲ್ಲ, ಯಾವ ನ್ಯಾಯ ಇದು?’ ಗುಂಪಿಗೆಲ್ಲ ಒಂದೇ ಟೈಮು, ಮಧ್ಯೆ ಒಂದು ಸೆಕೆಂಡು ಬಿಟ್ಟರೆ ಮಾತ್ರ ಹೊಸ ಟೈಮು ಅಂತ ಹೇಳಿದೆ. ‘ಆ ಒಂದು ಸೆಕೆಂಡು ಬಿಟ್ಟಿತೋ ಇಲ್ಲವೋ ನೋಡಿದವರು ಯಾರು?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಮಾಡಿದ್ದೆಲ್ಲ ಅವರ ಆ ಪ್ರಶ್ನೆಗೇ.

ಎರಡನೇ ವರ್ಷ ಚಿಪ್ ತರಿಸಿದೆ. 65 ಸಾವಿರ ಹೇಳಿದರು, ಗೋಗರೆದು 48ಕ್ಕೆ ಇಳಿಸಿದೆ, 30 ಅಡ್ವಾನ್ಸು. ನಮ್ಮ ಇಡೀ ರೇಸಿನ ಖರ್ಚು 2 ಲಕ್ಷ ಚಿಲ್ಲರೆ, ಅದರಲ್ಲಿ ಕಾಲು ಭಾಗ ಇದಕ್ಕೇ ಹೋಯಿತು. ಮೊದಲ ದಿನ ನಿಜಕ್ಕೂ ಚೆನ್ನಾಗಿತ್ತು, ಗೆರೆ ದಾಟಿ ಎರಡು ನಿಮಿಷಕ್ಕೆ ಪಟ್ಟಿ. ಕುಂದಾದ್ರಿಯಲ್ಲಿ ಅಕಾಲದ ಮಳೆ. ಮ್ಯಾಟಿನ ವೈರು ಸೇರುವ ಜಾಗಕ್ಕೆ ನೀರು ಹೋಯಿತು, 11 ಜನ ದಾಟಿದ್ದೇ ಅದಕ್ಕೆ ಗೊತ್ತಾಗಲಿಲ್ಲ. ಚಿಪ್ ತಂದಿದ್ದ ಹುಡುಗರು ಪಾಪ ಒಳ್ಳೆಯವರೇ. ಆದರೆ ದುಡ್ಡು ವಾಪಸ್ ಬರಲಿಲ್ಲ.

ಅವತ್ತು ರಾತ್ರಿ ಹಿರಿಯರೊಬ್ಬರು ಒಂದು ದಾರಿ ಹೇಳಿದರು: ಟೈಮೇ ಬೇಡ, ಸ್ಥಾನಕ್ಕೆ ಪಾಯಿಂಟ್ ಕೊಟ್ಟು ಮುಗಿಸು. ಹಾಸ್ಯದ ಮಾತಲ್ಲ ಅದು. ಫ್ರಾನ್ಸಿನ ಆ ದೊಡ್ಡ ಸೈಕಲ್ ರೇಸು, ಟೂರ್ ಡಿ ಫ್ರಾನ್ಸೇ 1905ರಿಂದ 1912ರವರೆಗೆ ಪಾಯಿಂಟ್ ಲೆಕ್ಕದಲ್ಲೇ ನಡೆದಿತ್ತು. ಸರಿ, ನಾವೂ ಹಾಗೇ ಮುಗಿಸಿದೆವು. ಆದರೆ ಕುಂದಾದ್ರಿಯ ಆ ಏರಿನಲ್ಲಿ ಎದೆ ಒಡೆಯುವ ಹಾಗೆ ತುಳಿದು ಮೂರು ನಿಮಿಷ ಮುಂದೆ ಬಂದವನಿಗೂ ಎರಡನೆಯವನಿಗೂ ವ್ಯತ್ಯಾಸ ಒಂದೇ ಪಾಯಿಂಟು. ಅವನು ಮಾತಾಡದೆ ಸೈಕಲ್ ಕಾರಿಗೆ ಏರಿಸಿಕೊಂಡು ಹೋದ. ಮುಂದಿನ ವರ್ಷ ಬರಲಿಲ್ಲ. ನಾನಾಗಿದ್ದರೂ ಬರುತ್ತಿರಲಿಲ್ಲ.

ಫೋನಿಗೆ ಬಂದಿದ್ದು ಮೂರನೇ ವರ್ಷ. ನಮ್ಮಲ್ಲಿ ಬಹಳ ಜನ ಒಂದು ತಪ್ಪು ತಿಳಿದಿದ್ದಾರೆ. ದೊಡ್ಡ ರೇಸುಗಳಲ್ಲೂ ಬಿಗಿ ಇದ್ದಾಗ ತೀರ್ಮಾನ ಮಾಡುವುದು ಚಿಪ್ ಅಲ್ಲ, ಕ್ಯಾಮೆರಾ. ಚಿಪ್ ಇರುವುದು ಫೋರ್ಕಿನ ಹತ್ತಿರ, ಗೆರೆ ಮುಟ್ಟಬೇಕಾದ್ದು ಟೈರಿನ ಮೂತಿ. 2017ರ ಟೂರ್‌ನ ಏಳನೇ ಸ್ಟೇಜಿನಲ್ಲಿ ಕಿಟೆಲ್ ಗೆದ್ದಿದ್ದು 6 ಮಿಲಿಮೀಟರಿನಿಂದ, ಅದನ್ನು ಹೇಳಿದ್ದು ಫೋಟೋ. ಅವರ ಕ್ಯಾಮೆರಾ ಗೆರೆಯನ್ನಷ್ಟೇ ಸೆಕೆಂಡಿಗೆ ಸಾವಿರಾರು ಸಲ ಹಿಡಿಯುತ್ತದೆ. ನನ್ನದು ಸೆಕೆಂಡಿಗೆ 60. ನಮ್ಮ ಹುಡುಗರಿಗೆ 60 ಸಾಕು ಅಂತ ನನ್ನ ವಾದ.

ವಾದವೇನೋ ಸರಿ, ಆದರೆ ಮೊದಲನೇ ಸ್ಟೇಜಿನಲ್ಲೇ ಅಮ್ಮನ ಫೋನು ಬಂತು. ಗುಂಪು ಗೆರೆಗೆ ಇನ್ನೂರು ಮೀಟರ್ ದೂರದಲ್ಲಿದೆ, ಸ್ಕ್ರೀನಿನ ಮೇಲೆ ‘ಅಮ್ಮ’. ರೆಕಾರ್ಡಿಂಗ್ ನಿಂತೇ ಹೋಯಿತು. ‘ಊಟಕ್ಕೆ ಎಷ್ಟೊತ್ತಿಗೆ ಬರ್ತೀಯ?’ ಈಗ ನಗುತ್ತೇನೆ, ಅವತ್ತು ಅಳು ಬಂದಿತ್ತು. ಗೆರೆಯ ಹತ್ತಿರದ ಫೋನುಗಳೆಲ್ಲ ಏರೋಪ್ಲೇನ್ ಮೋಡಿಗೆ ಹೋಗಿದ್ದು ಆಮೇಲೆ.

ಎರಡನೇ ಪಾಠ ಕುಂದಾದ್ರಿಯದು. ಮಂಜು ಮುಸುಕಿ ಬೆಳಕು ಕಮ್ಮಿಯಾದ ಕೂಡಲೇ ಫೋನು ತಾನಾಗಿ ಫ್ರೇಮುಗಳನ್ನು ಇಳಿಸಿಕೊಂಡಿತ್ತು. 60 ಅಂತ ನಾನು ಎಣಿಸುತ್ತಿದ್ದೇನೆ, ಅದು ಹಿಡಿದಿದ್ದು 30. ಲೆಕ್ಕ ಅರ್ಧಕ್ಕರ್ಧ ತಪ್ಪು. ಪುಣ್ಯಕ್ಕೆ ಏರಿನಲ್ಲಿ ಎಲ್ಲರೂ ಚದುರಿಹೋಗಿದ್ದರು, ಯಾರಿಗೂ ಅನ್ಯಾಯ ಆಗಲಿಲ್ಲ. ಆದರೆ ಫೋನಿನ ಮಾತನ್ನು ನಂಬುವ ಕಾಲ ಅಲ್ಲಿಗೆ ಮುಗಿಯಿತು.

ಈ ಸಲ ಮಾಡಿದ್ದು ಹೀಗೆ. ಬಾವುಟ ಬಿದ್ದಾಗ ಒಂದು ಸ್ಟಾಪ್‌ವಾಚು ಶುರು. ಅದನ್ನು ಮತ್ತೆ ಯಾರೂ ಮುಟ್ಟುವ ಹಾಗಿಲ್ಲ. ಡಬ್ಬಿಯೊಳಗೆ ಇಟ್ಟು ಮುಂದಿನ ಕಾರಿನಲ್ಲಿ ಗೆರೆಗೆ ಒಯ್ಯುತ್ತೇವೆ. ಬೆಟ್ಟದಲ್ಲಿ ನೆಟ್‌ವರ್ಕ್ ಇದ್ದರೆಷ್ಟು ಬಿಟ್ಟರೆಷ್ಟು. ಗೆರೆಗೆ ಅಡ್ಡಲಾಗಿ ಒಂದು ಫೋನು, ಎತ್ತರಕ್ಕೆ, ಏಣಿಗೆ ಕಟ್ಟಿ. ರಸ್ತೆಯ ಆಚೆ ಬದಿ, ಅದೇ ಗೆರೆಯ ತುದಿಯಲ್ಲಿ, ಸ್ಟೂಲಿನ ಮೇಲೆ ಇನ್ನೊಂದು ಹಳೇ ಫೋನು, ಅದರ ತುಂಬ ಓಡುವ ಅಂಕಿಗಳು. ಹಾಗಾಗಿ ಪ್ರತಿ ಫ್ರೇಮಿನಲ್ಲೂ ಟೈರಿನ ಜೊತೆ ಗಡಿಯಾರ ಇರುತ್ತದೆ. ನೂರನೇ ಭಾಗದ ಅಂಕಿ ಕಲಸಿಹೋಗುತ್ತದೆ, ಹತ್ತನೇ ಭಾಗದ್ದು ಓದಬಹುದು. ಫೋನು ಫ್ರೇಮು ಕದ್ದರೆ ತಕ್ಷಣ ಗೊತ್ತಾಗುತ್ತದೆ. ರೆಕಾರ್ಡಿಂಗ್ ಶುರುವಿನಲ್ಲಿ ಒಂದು ಸಲ, ಕೊನೆಯಲ್ಲಿ ಒಂದು ಸಲ, ಡಬ್ಬಿಯ ಸ್ಟಾಪ್‌ವಾಚನ್ನು ಲೆನ್ಸಿಗೆ ಹಿಡಿಯಬೇಕು.

ಕ್ಯಾಮೆರಾ ಗೆರೆಗೆ ಸರಿಯಾಗಿ ಕೂರಿಸುವುದಕ್ಕೆ ಗಾರೆ ಕೆಲಸದವರ ದಾರ ಮತ್ತು ಗುಂಡು. ಒಂದು ಬೆರಳು ಓರೆಯಾದರೂ ಆಚೆ ಬದಿಯವನು ಮುಂದೆ ಕಾಣುತ್ತಾನೆ. ಅದನ್ನು ಹತ್ತು ನಿಮಿಷದಲ್ಲಿ ಕೂರಿಸುವ ಒಂದು ಗುಟ್ಟಿದೆ, ಗೆರೆಯ ಬಣ್ಣಕ್ಕೆ ಸಂಬಂಧಿಸಿದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಅಂಗಡಿಗೆ ಬನ್ನಿ, ಕಾಫಿ ನಿಮ್ಮದು.

ನಂಬರು ಓದುವುದು ಬೇರೆಯದೇ ಕೆಲಸ. ಕಾಗದದ ನಂಬರು ಮಂಜಿಗೇ ಮೆತ್ತಗಾಗುತ್ತದೆ. ಫ್ಲೆಕ್ಸ್ ಅಂಗಡಿಯ ಚೂರುಗಳನ್ನು ಬಿಟ್ಟಿಗೆ ತಂದು, ಹಿಂಬದಿಯ ಬಿಳಿ ಕಡೆ ನಂಬರು ಬರೆದು, ಹೆಲ್ಮೆಟ್ಟಿನ ಬಲಕ್ಕೂ ಹ್ಯಾಂಡಲ್ಲಿಗೂ ಕಟ್ಟಿದೆವು. ಗೆರೆಯಿಂದ ಹದಿನೈದು ಮೀಟರ್ ಮುಂದೆ ಎದುರಿಗೆ ಇನ್ನೊಂದು ಫೋನು. ಅದರ ಪಕ್ಕ ನಮ್ಮ ಅತ್ತಿಗೆ. ಪ್ರೈಮರಿ ಶಾಲೆ ಟೀಚರು, ಹಾಜರಿ ಕರೆದು ಕರೆದು ಅಭ್ಯಾಸ. ಬಂದವರ ನಂಬರನ್ನು ಬಂದ ಹಾಗೇ ಕೂಗುತ್ತಾರೆ, ಅದು ವಿಡಿಯೋದಲ್ಲಿ ದಾಖಲಾಗುತ್ತದೆ. 58 ಜನರಲ್ಲಿ ಅತ್ತಿಗೆ ತಪ್ಪಿದ್ದು ಎರಡು, ಅದೂ ಒಬ್ಬ ಹೆಲ್ಮೆಟ್ಟಿನ ನಂಬರು ಉಲ್ಟಾ ಕಟ್ಟಿಕೊಂಡಿದ್ದ.

ಮಳೆಗೆ ಏನು ಮಾಡುತ್ತೀಯ ಅಂತ ಎಲ್ಲರೂ ಕೇಳಿದರು. ಗೊರಬು. ಗೊರಬಲು ಅಲ್ಲ ಮತ್ತೆ, ಅದು ಅಡಿಕೆ. ನಾಟಿ ಹೊತ್ತಿನಲ್ಲಿ ಹೆಂಗಸರು ಬೆನ್ನಿಗೆ ಹಾಕಿಕೊಳ್ಳುತ್ತಿದ್ದರಲ್ಲ, ಬಿದಿರು ಮತ್ತು ಎಲೆಯದು, ಅದೇ. ನಮ್ಮ ಅಟ್ಟದ ಮೇಲೆ ಒಂದು ಇತ್ತು. ಏಣಿಯ ತುದಿಗೆ ಅದನ್ನು ಕಟ್ಟಿದರೆ ಫೋನು ಬೆಚ್ಚಗೆ ಕೂತಿರುತ್ತದೆ, ಗಾಳಿಗೆ ಪ್ಲಾಸ್ಟಿಕ್ಕಿನ ಹಾಗೆ ಪಟಪಟ ಬಡಿಯುವುದಿಲ್ಲ, ಲೆನ್ಸಿಗೆ ಬಿಸಿಲೂ ಹೊಡೆಯುವುದಿಲ್ಲ. ಈ ವರ್ಷ ಮಳೆ ಬರಲೇ ಇಲ್ಲ, ಬಿಡಿ. ನೆರಳಿಗಾದರೂ ಆಯಿತು.

ಖರ್ಚು? ಟ್ರೈಪಾಡು ಒಂದು 1,200, ಸ್ಟಾಪ್‌ವಾಚು 600 ಚಿಲ್ಲರೆ, ಮೆಮೊರಿ ಕಾರ್ಡು, ಪವರ್ ಬ್ಯಾಂಕು, ಬಣ್ಣ ಎಲ್ಲ ಸೇರಿ 5 ಸಾವಿರದ ಒಳಗೆ. ಏಣಿ ಪಕ್ಕದ ಮನೆಯದು. ಚಿಪ್ಪಿನಿಂದ ಉಳಿದ ದುಡ್ಡಿನಲ್ಲಿ ಆಂಬ್ಯುಲೆನ್ಸನ್ನು ಎರಡು ಮಾಡಿದೆ. ಮೂರು ದಿನಕ್ಕೆ ಒಂದಕ್ಕೆ 18 ಸಾವಿರ ಅಂತ ನೆನಪು. ಅದಾದ ಮೇಲೂ ನನಗೆ 9 ಸಾವಿರ ಕೈಬಿಟ್ಟಿತು. ಮೊದಲ ವರ್ಷದ 40ಕ್ಕೆ ಹೋಲಿಸಿದರೆ ಇದು ಲಾಭ ಅಂತಲೇ ನನ್ನ ಹೆಂಡತಿಗೆ ಹೇಳಿದ್ದೇನೆ.

ಮಧ್ಯೆ ಒಂದು ಹುಚ್ಚಾಟ ಹೇಳಿಬಿಡುತ್ತೇನೆ. ಟೂರ್‌ನ ಲೀಡರ್ ಜರ್ಸಿ ಹಳದಿ, ಯಾಕೆಂದರೆ ಅದನ್ನು ನಡೆಸುತ್ತಿದ್ದ ಲೋಟೋ ಪತ್ರಿಕೆಯ ಕಾಗದ ಹಳದಿ. ಹಾಗಾದರೆ ಮಲೆನಾಡಿನ ಜರ್ಸಿ ಯಾವ ಬಣ್ಣ? ಅಡಿಕೆ ಬಣ್ಣ. ಮಾವನ ಮನೆಯಲ್ಲಿ ಅಡಿಕೆ ಬೇಯಿಸುತ್ತಿದ್ದರು. ಒಂದು ಬಿಳಿ ಜರ್ಸಿ ತೆಗೆದುಕೊಂಡು ಹೋಗಿ ಚೊಗರಿನ, ಅಂದರೆ ಅಡಿಕೆ ಬೆಂದ ಕೆಂಪು ನೀರಿನ, ಹಂಡೆಗೆ ಅದ್ದಿದೆ. ಒಂದು ರಾತ್ರಿ ನೆನೆಸಿದರೂ ಪಾಲಿಯೆಸ್ಟರ್ ಬಟ್ಟೆಗೆ ಬಣ್ಣ ಹಿಡಿಯಲಿಲ್ಲ, ಚಹಾ ಚೆಲ್ಲಿದ ಹಾಗೆ ಅಲ್ಲಲ್ಲಿ ಕಲೆ. ಹತ್ತಿಯದ್ದಕ್ಕೆ ಹಾಕಿದೆ, ಎಂಥ ಕೆಂಪು ಅಂತೀರಿ! ಆದರೆ ಒಣಗಿದ ಮೇಲೆ ಹಾಳೆಯ ಹಾಗೆ ಸೆಟೆದು ನಿಂತಿತು. ಹಾಕಿಕೊಂಡ ಹುಡುಗ ಕೋಣಂದೂರು ಬರುವುದರೊಳಗೆ ಬೆವೆತು, ಬೆನ್ನು ತುಂಬ ಕೆಂಪಾಗಿ, ಆಂಬ್ಯುಲೆನ್ಸಿನವರು ರಕ್ತ ಅಂತ ಹಿಂದೆ ಬಿದ್ದರು. ಈಗ ಶಿವಮೊಗ್ಗದಲ್ಲೇ ಕೆಂಪು ಪ್ರಿಂಟ್ ಹಾಕಿಸುತ್ತೇನೆ, 550 ರೂಪಾಯಿ.

ಕುಡಿಯುವುದಕ್ಕೆ ಪುನರ್ಪುಳಿ, ಬೆಲ್ಲ, ಉಪ್ಪು ಕಲಸಿ ಕೊಟ್ಟಿದ್ದು ಮಾತ್ರ ಗೆದ್ದಿತು. ಎಳನೀರನ್ನು ಹಿಂದಿನ ರಾತ್ರಿಯೇ ಬಾಟಲಿಗೆ ತುಂಬಿಟ್ಟಿದ್ದು ಹುಳಿಯಾಗಿ ಮುಚ್ಚಳ ಹಾರಿತು. ಅದನ್ನು ಯಾರೂ ಮಾಡಬೇಡಿ.

ಇನ್ನು ಸಾಗರದ ಗೆರೆ. ಕೊನೇ ಸ್ಟೇಜಿಗೆ ಹೊರಡುವಾಗ ವಿಜಯಪುರದ ಹುಡುಗ 7 ಸೆಕೆಂಡು ಮುಂದಿದ್ದ. ಆ ಕಡೆ ಹುಡುಗರ ಕಾಲು ನಿಮಗೆ ಗೊತ್ತಲ್ಲ, ಎದುರು ಗಾಳಿಗೆ ಹುಟ್ಟಿದವರು. ಆದರೆ ಏರು-ಇಳಿತದ ರಸ್ತೆ ಅವನಿಗೆ ಹೊಸದು. ಆನಂದಪುರ ದಾಟಿದ ಮೇಲೆ ಇಪ್ಪತ್ತೆರಡು ಜನರ ಗುಂಪು ಉಳಿಯಿತು. ಸ್ಪ್ರಿಂಟಿನಲ್ಲಿ ಬೆಂಗಳೂರಿನವನು ಎರಡನೆಯವನು, ಬೋನಸ್ಸು 6 ಸೆಕೆಂಡು. ವಿಜಯಪುರದವನು ಎಂಟನೆಯವನು. ಒಂದೇ ಗುಂಪಾದರೆ ಅವನು 1 ಸೆಕೆಂಡಿಗೆ ಗೆದ್ದ. ಆದರೆ ಐದನೆಯವನಿಗೂ ಆರನೆಯವನಿಗೂ ಮಧ್ಯೆ ರಸ್ತೆ ಕಾಣುತ್ತಿತ್ತು. ಎಲ್ಲರೂ ನೋಡಿದರು. ಹತ್ತು ಹನ್ನೆರಡು ಮೀಟರ್, ಒಂದು ಲಾರಿಯ ಉದ್ದ. ಅದು ಒಂದು ಸೆಕೆಂಡು ಆದರೆ ಹಿಂದಿನವರಿಗೆಲ್ಲ ಹೊಸ ಟೈಮು, ವಿಜಯಪುರದವನ ಮುನ್ನಡೆ ಹೋಯಿತು.

‘ಗ್ಯಾಪ್ ಆಗಿದೆ ಅಣ್ಣಾ, ಇದಕ್ಕೆ ವಿಡಿಯೋ ಬೇರೆ ಬೇಕಾ?’ ಅಂದ ಬೆಂಗಳೂರಿನವನು. ಹ್ಯಾಂಡಲ್ಲಿನ ಜಿಪಿಎಸ್ ತೋರಿಸಿದ. ಸೆಕೆಂಡಿಗೆ ಒಂದು ಸಲ ಬರೆದುಕೊಳ್ಳುವ ಯಂತ್ರ ಸೆಕೆಂಡಿನ ಒಳಗಿನ ಜಗಳ ಹೇಗೆ ತೀರಿಸೀತು? ಇನ್ನೊಬ್ಬ ಸುಮ್ನೆ ರಸ್ತೆ ಬದಿ ಕೂತಿದ್ದ. ‘ನಂದೇನಾತ್ರಿ ಸರ?’ ಅಂತ ಒಂದೇ ಸಲ ಕೇಳಿದ.

ಐದನೆಯವನ ಹಿಂದಿನ ಚಕ್ರ ಗೆರೆ ಬಿಟ್ಟ ಫ್ರೇಮಿನಿಂದ ಆರನೆಯವನ ಮುಂದಿನ ಚಕ್ರ ಗೆರೆ ಮುಟ್ಟುವ ಫ್ರೇಮಿನವರೆಗೆ ಎಣಿಸಬೇಕು. ದೊಡ್ಡ ರೇಸಿನ ಬಯಲು ಸ್ಟೇಜುಗಳಲ್ಲಿ ಮೂರು ಸೆಕೆಂಡಿನ ತನಕ ರಿಯಾಯಿತಿ ಇದೆ, ನನ್ನ ನಿಯಮದ ಹಾಳೆಯಲ್ಲಿ ಒಂದೇ ಸೆಕೆಂಡು ಅಂತ ಅಚ್ಚಾಗಿತ್ತು. ಎಣಿಸಿದೆ, 51. ಆಚೆ ಬದಿಯ ಫೋನಿನ ಅಂಕಿ ನೋಡಿದೆ, ಎಂಟು ಹತ್ತಾಂಶ ದಾಟಿತ್ತು, ಒಂಬತ್ತು ಮುಟ್ಟಿರಲಿಲ್ಲ. ಎರಡೂ ಒಂದೇ ಮಾತು ಹೇಳಿದವು. ಸ್ಪ್ರಿಂಟಿನ ವೇಗಕ್ಕೆ ಹನ್ನೆರಡು ಮೀಟರ್ ಒಂದು ಸೆಕೆಂಡೂ ಅಲ್ಲ. ಸ್ಟಾಪ್‌ವಾಚು ಹಿಡಿದಿದ್ದರೆ ನಾನೂ ಗ್ಯಾಪು ಅಂತಲೇ ಬರೆಯುತ್ತಿದ್ದೆ.

1989ರ ಟೂರ್ 3,285 ಕಿಲೋಮೀಟರ್ ಓಡಿ 8 ಸೆಕೆಂಡಿಗೆ ಮುಗಿದಿತ್ತು, ಲೆಮಂಡ್ ಮತ್ತು ಫಿನ್ಯೊನ್ ಮಧ್ಯೆ. ನಮ್ಮದು 1. ಹೋಲಿಸಬಾರದು, ಗೊತ್ತು. ಆದರೂ ಹೇಳಿಕೊಳ್ಳುವುದಕ್ಕೆ ಚೆನ್ನಾಗಿರುತ್ತದೆ ಅಲ್ವಾ.

ಬೆಂಗಳೂರಿನವನು ಕ್ಲಿಪ್ ಕೇಳಿದ, ಅಲ್ಲೇ ಕಳಿಸಿದೆ. ರಾತ್ರಿ ಹನ್ನೊಂದಕ್ಕೆ ಮೆಸೇಜು ಬಂತು: ‘ಅಣ್ಣಾ, ನಾನೂ ಎಣಿಸಿದೆ. 51 ಅಲ್ಲ, 52.’ ಇರಬಹುದು. ಟೈರು ಗೆರೆ ಮುಟ್ಟಿತೋ ಇಲ್ಲವೋ ಅನ್ನುವ ಒಂದು ಫ್ರೇಮು ಅದರಲ್ಲಿದೆ. ಇನ್ನೂ ಎಂಟು ಬೇಕಲ್ಲಪ್ಪ ಅಂತ ಬರೆದೆ. ಮುಂದಿನ ವರ್ಷದ ಎಂಟ್ರಿಗೆ ಮೊದಲು ದುಡ್ಡು ಹಾಕಿದವನು ಅವನೇ.