ಶಿರಸಿಯ ಮಳೆಯಲ್ಲಿ ಒಣನಾಡಿನ ಜೇಡ

ಜೇಡಕ್ಕಿಂತ ಮೊದಲು ನನ್ನನ್ನು ಹಿಡಿದದ್ದು ಅದರ ನೂಲು. ನಮ್ಮ ಅಡಿಕೆ ತೋಟಕ್ಕೆ ಇಳಿಯುವ ದಾರಿಯ ಪಕ್ಕದಲ್ಲಿ ಆಳೆತ್ತರದ ಮಣ್ಣಿನ ದರೆಯಿದೆ. ಅದರಲ್ಲಿ ಹೆಬ್ಬೆರಳು ತೂರುವಷ್ಟು ಅಗಲದ ಬಿಲಗಳು, ಒಂದೊಂದರ ಬಾಯಿಗೂ ಬಿಳಿ ರೇಷ್ಮೆಯ ಅಂಚು. ಹುಡುಗನಾಗಿದ್ದಾಗ ಸಂಜೆ ಟಾರ್ಚ್ ಹಿಡಿದು ಕಾದು ನಿಂತರೆ ಆ ಅಂಚಿನ ಮೇಲೆ ರೋಮ ತುಂಬಿದ ಎರಡು ಕಾಲುಗಳು ಕಾಣುತ್ತಿದ್ದವು. ಹೆಜ್ಜೆ ತುಸು ಭಾರವಾದರೂ ಸಾಕು, ಒಳಗೆ ಸರಿದುಬಿಡುತ್ತಿದ್ದವು. ಪಶ್ಚಿಮ ಘಟ್ಟದಲ್ಲಿ ಹೀಗೆ ಬಿಲ ತೋಡಿ ಬದುಕುವ ಥ್ರಿಗ್ಮೊಪಿಯಸ್ ಎಂಬ ಟರಾಂಟುಲಾ (ರೋಮ ತುಂಬಿದ ದೊಡ್ಡ ಜೇಡ) ಕುಲಕ್ಕೆ ಪೊಕಾಕ್ ಎಂಬ ವಿಜ್ಞಾನಿ 1899ರಲ್ಲೇ ಹೆಸರಿಟ್ಟಿದ್ದರೆಂದು ಓದಿ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಮನೆಯಲ್ಲಿ ಟರಾಂಟುಲಾ ಸಾಕಬೇಕೆಂದು ಮನಸ್ಸಾದಾಗ ದರೆಯನ್ನು ಅಗೆಯುವ ಯೋಚನೆ ಮಾಡಲಿಲ್ಲ. ದಯವಿಟ್ಟು ಯಾರೂ ಮಾಡಬೇಡಿ. ಹೆಣ್ಣು ಜೇಡ ವರ್ಷಾನುಗಟ್ಟಲೆ ಒಂದೇ ಬಿಲದಲ್ಲಿ ಇರುತ್ತದೆ. ಅದನ್ನು ಕಿತ್ತರೆ ಆ ಜಾಗದ ಮುಂದಿನ ಸಂತತಿಯೂ ಹೋಯಿತು. ಮರದ ಪೊಟರೆಯಲ್ಲಿ ಇರುವ ಪೊಯ್ಸಿಲೊಥೀರಿಯಾ ಎಂಬ ಟರಾಂಟುಲಾ ಕುಲವಂತೂ 2019ರಿಂದ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. 2022ರ ತಿದ್ದುಪಡಿಯ ಮೂಲಕ ಸೈಟಿಸ್ ಪಟ್ಟಿಯ ಜೀವಿಗಳಿಗೆ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೂ ಪ್ರತ್ಯೇಕ ಅನುಸೂಚಿ ಬಂದಿದೆ. ಪರವಾನಗಿ ಇಲ್ಲದೆ ವಿದೇಶದಿಂದ ಪಾರ್ಸೆಲ್‌ನಲ್ಲಿ ತರಿಸುವುದೂ ಅಪರಾಧ. ಆದ್ದರಿಂದ ದೇಶದೊಳಗೇ ಮರಿ ಮಾಡಿಸಿದ, ಸೈಟಿಸ್ ಪಟ್ಟಿಯಲ್ಲಿ ಇಲ್ಲದ ಜಾತಿಯನ್ನೇ ಹುಡುಕಿದೆ.

ನನಗೆ ಬೇಕಿದ್ದದ್ದು ಚೆನ್ನಾಗಿ ಬಲೆ ನೇಯುವ ಜಾತಿ. ಬಲೆ ಎಂದರೆ ತೋಟದ ಜೇಡ ಹೆಣೆಯುವ ಚಕ್ರವೆಂದು ಭಾವಿಸಬಾರದು. ಟರಾಂಟುಲಾ ಹಾಸುತ್ತದೆ, ಹೊದಿಸುತ್ತದೆ, ಸುರಂಗ ಕಟ್ಟುತ್ತದೆ. ಎಲ್ಲವೂ ಒಂದೇ ಪ್ರಮಾಣದಲ್ಲಿ ನೇಯುವುದಿಲ್ಲ. ಧಾರಾಳವಾಗಿ ನೇಯುವ ಮೂರು ಜಾತಿಗಳು ನನ್ನ ಪಟ್ಟಿಯಲ್ಲಿ ಉಳಿದವು. ಪೂರ್ವ ಆಫ್ರಿಕದ ಕಿತ್ತಳೆ ಬಣ್ಣದ ಟೆರಿನೊಕೈಲಸ್ ಮ್ಯೂರಿನಸ್ ಅದ್ಭುತ ನೇಕಾರ, ಆದರೆ ಮಹಾ ಕೋಪಿಷ್ಠ. ಯೆಮನ್‌ಗೆ ಸೇರಿದ ಸೊಕೊತ್ರಾ ದ್ವೀಪದ ಮೊನೊಸೆಂಟ್ರೊಪಸ್ ಬಾಲ್ಫೌರಿ ಗುಂಪಾಗಿ ಬಾಳುವ ಅಪರೂಪದ ಜಾತಿ; ಪೆಟ್ಟಿಗೆಯನ್ನೇ ನೂಲಿನಿಂದ ತುಂಬಿಬಿಡುತ್ತದೆ. ಇವೆರಡಕ್ಕೂ ಉದುರಿಸಿ ಓಡಿಸುವ ತುರಿಕೆ ರೋಮಗಳಿಲ್ಲ, ಹಾಗಾಗಿ ಬೆದರಿದರೆ ಕಚ್ಚುವುದೇ ದಾರಿ, ವಿಷವೂ ಜೋರು. ಚಿಕ್ಕ ಮಕ್ಕಳು ಓಡಾಡುವ ಮನೆ ನಮ್ಮದು. ಎರಡನ್ನೂ ಬಿಟ್ಟೆ.

ಉಳಿದದ್ದು ಗ್ರೀನ್ ಬಾಟಲ್ ಬ್ಲೂ, ವೈಜ್ಞಾನಿಕವಾಗಿ ಕ್ರೊಮಾಟೊಪೆಲ್ಮಾ ಸಯನಿಯೊಪ್ಯುಬೆಸೆನ್ಸ್. ಲೋಹದ ಹೊಳಪಿನ ನೀಲಿ ಕಾಲು, ಹಸಿರು ಛಾಯೆಯ ಬೆನ್ನು, ಕಿತ್ತಳೆ ರೋಮದ ಹೊಟ್ಟೆ. ಬಣ್ಣಕ್ಕಾಗಿ ಇದನ್ನು ಕೊಳ್ಳುವವರೇ ಹೆಚ್ಚು. ನಾನು ಒಪ್ಪಿದ್ದು ಇದು ಹಗಲಲ್ಲೂ ತನ್ನ ಹಾಸಿನ ಮೇಲೆ ಬಂದು ಕೂರುತ್ತದೆ ಎಂಬುದಕ್ಕೆ. ಒಂದೇ ಚಿಂತೆಯಿತ್ತು. ಇದರ ತವರು ವೆನೆಜುವೆಲಾದ ಪರಗ್ವಾನಾ ಪರ್ಯಾಯ ದ್ವೀಪ, ಕಳ್ಳಿ ಮುಳ್ಳಿನ ಒಣ ನೆಲ. ನಮ್ಮದು ಜುಲೈನಲ್ಲಿ ಚಪ್ಪಲಿಗೂ ಬೂಸು ಹಿಡಿಯುವ ಊರು.

ಮೊದಲ ಸಲ ಮೋಸಹೋದೆ. ವ್ಯಾಪಾರಿಯೊಬ್ಬರು ‘ಬೆಳೆದ ಹೆಣ್ಣು’ ಎಂದು ಹೇಳಿ ಕೊಟ್ಟದ್ದು ನೋಡಲು ಬಹಳ ಚೆಂದವಿತ್ತು. ತಂದ ಮೇಲೆ ಅದು ನೇಯಲೇ ಇಲ್ಲ. ರಾತ್ರಿಯಿಡೀ ಗಾಜಿನ ಗೋಡೆಗುಂಟ ಸುತ್ತುತ್ತಿತ್ತು. ಭೂತಗನ್ನಡಿ ಹಿಡಿದು ನೋಡಿದಾಗ ಮುಂಗಾಲುಗಳ ಒಳಬದಿಯಲ್ಲಿ ಸಣ್ಣ ಕೊಕ್ಕೆ, ಬಾಯಿಯ ಪಕ್ಕದ ಕಿರುಕೈಗಳ ತುದಿಯಲ್ಲಿ ಊದಿದ ಉಂಡೆ. ಪ್ರೌಢ ಗಂಡು. ಕೊನೆಯ ಪೊರೆ ಕಳಚಿದ ಗಂಡಿಗೆ ಮನೆ ಕಟ್ಟುವ ಆಸೆ ಇರುವುದಿಲ್ಲ. ಹೆಣ್ಣನ್ನು ಹುಡುಕಿ ಅಲೆಯುವುದಷ್ಟೇ ಅದರ ಉಳಿದ ಆಯುಷ್ಯ. ಏಳು ತಿಂಗಳಿಗೆ ಸತ್ತಿತು. ಹೆಣ್ಣಾದರೆ ಹನ್ನೆರಡು ವರ್ಷಕ್ಕೂ ಮೀರಿ ಬಾಳಬಲ್ಲದು. ಬಲೆಗಾಗಿ ಟರಾಂಟುಲಾ ಕೊಳ್ಳುವವರು ಕಳಚಿದ ಪೊರೆಯನ್ನು ನೋಡದೆ ‘ಹೆಣ್ಣು’ ಎಂಬ ಮಾತಿಗೆ ಬೆಲೆ ತೆರಬಾರದು.

ಎರಡನೆಯ ಸಲ ಬೆಂಗಳೂರಿನಲ್ಲಿ ಮನೆಯಲ್ಲೇ ಮರಿ ಮಾಡಿಸುವ ಒಬ್ಬರಿಂದ ಮರಿಯನ್ನೇ ತಂದೆ. ನವೆಂಬರ್ ತಿಂಗಳು, ರಾತ್ರಿ ಬಸ್ಸು. ಒಂದು ಸೆಂಟಿಮೀಟರಿನ ಜೀವ, ಒದ್ದೆ ಕಾಗದದ ತುಣುಕಿದ್ದ ಪುಟ್ಟ ಡಬ್ಬಿಯಲ್ಲಿ, ನನ್ನ ಅಂಗಿಯ ಜೇಬಿನಲ್ಲಿ. ಬೆಳಿಗ್ಗೆ ಶಿರಸಿಯಲ್ಲಿ ಇಳಿದು ನೋಡಿದರೆ ಡಬ್ಬಿಯ ಒಂದು ಮೂಲೆಯಲ್ಲಿ ಆಗಲೇ ಉಗುರಿನಷ್ಟು ಬಿಳಿ ತೆರೆ ಕಟ್ಟಿಕೊಂಡಿತ್ತು.

ಒಂದು ವರ್ಷದಲ್ಲಿ ನಾಲ್ಕು ಸೆಂಟಿಮೀಟರ್ ಆದ ಮೇಲೆ ಮೂವತ್ತು ಸೆಂಟಿಮೀಟರಿನ ಗಾಜಿನ ಪೆಟ್ಟಿಗೆಗೆ ಬದಲಿಸಿದೆ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಎಂಥ ನೇಕಾರ ಜಾತಿಯನ್ನೇ ತಂದರೂ ನೂಲು ಕಟ್ಟಲು ಆಸರೆ ಇಲ್ಲದಿದ್ದರೆ ನೆಲದ ಮೇಲೆ ಒಂದು ಹಾಸು ಹಾಸಿ ಸುಮ್ಮನಾಗುತ್ತದೆ. ಕುಮಟಾ ಕಡೆಯ ನೆಂಟರ ಮನೆಯಿಂದ ಗೇರು ಮರದ ಒಣ ರೆಂಬೆಗಳನ್ನು ತಂದೆ. ಗೇರಿನ ರೆಂಬೆ ಕವಲು ಕವಲಾಗಿ ತಿರುಚಿಕೊಂಡಿರುತ್ತದೆ, ಇದಕ್ಕೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಕುದಿಸಿ, ವಾರ ಬಿಸಿಲಲ್ಲಿಟ್ಟು, ನಾಲ್ಕನ್ನು ಓರೆಯಾಗಿ ಒಂದಕ್ಕೊಂದು ದಾಟುವಂತೆ ನಿಲ್ಲಿಸಿದೆ. ಅವುಗಳ ಬುಡದಲ್ಲಿ ಅರ್ಧ ತೆಂಗಿನ ಕರಟ, ಕೆಳಗೆ ಒಣಗಿಸಿದ ತೆಂಗಿನ ನಾರಿನ ಪುಡಿ, ಮೂಲೆಯಲ್ಲಿ ನೀರಿನ ಬಟ್ಟಲು. ರೆಂಬೆಗಳ ಎತ್ತರ ಮಾತ್ರ ಮಿತಿಯಲ್ಲಿರಲಿ. ಮೇಲಿನಿಂದ ಬಿದ್ದರೆ ಹೊಟ್ಟೆ ಒಡೆದು ಸಾಯುತ್ತದೆ. ಕೈಮೇಲೆ ಬಿಟ್ಟುಕೊಂಡು ಆಡಿಸಬಾರದೆನ್ನಲು ಅದೊಂದೇ ಕಾರಣ ಸಾಕು.

ಮೂರನೆಯ ರಾತ್ರಿ ಟಾರ್ಚಿಗೆ ಕೆಂಪು ಕಾಗದ ಸುತ್ತಿ ಕುಳಿತಿದ್ದೆ. ಹೊಟ್ಟೆಯ ತುದಿಯಲ್ಲಿ ಎರಡು ಉದ್ದ ಬೆರಳುಗಳಂತೆ ನೂಲಿನ ಅಂಗಗಳು ಇರುತ್ತವೆ. ಜೇಡ ಹೊಟ್ಟೆಯನ್ನು ಬಾಗಿಸಿ ಆ ಬೆರಳುಗಳನ್ನು ರೆಂಬೆಗೆ ಒತ್ತಿತು, ಎತ್ತಿತು, ಅರ್ಧ ಹೆಜ್ಜೆ ಸರಿಯಿತು, ಪಕ್ಕದ ಕವಲಿಗೆ ಒತ್ತಿತು. ಒಂದು ಸಲಕ್ಕೆ ಒಂದೇ ಎಳೆ ಬರುವುದಿಲ್ಲ, ಹತ್ತಾರು ಸೂಕ್ಷ್ಮ ಎಳೆಗಳ ಪಟ್ಟಿಯೇ ಬರುತ್ತದೆ. ಬೆರಳುಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸವರುತ್ತಾ ಹೋದಂತೆ ಕತ್ತಲೆಯಲ್ಲಿ ಮಂಜಿನಂಥದ್ದೇನೋ ದಟ್ಟವಾಗುತ್ತಿತ್ತು. ನಾನು ಮಲಗಿದ್ದು ಎರಡು ಗಂಟೆಗೆ. ತಿಂಗಳೊಳಗೆ ಕರಟ ಕಾಣದಾಯಿತು, ರೆಂಬೆಗಳ ನಡುವೆ ಮೂರು ಅಂತಸ್ತಿನ ಹಾಸು, ಅದರೊಳಗೆ ಎರಡು ಬಾಗಿಲಿನ ಸುರಂಗ.

ಆಮೇಲೆ ಮಳೆಗಾಲ ಬಂತು. ಜೂನ್ ಕೊನೆಯಲ್ಲಿ ಕೋಣೆಯ ತೇವಾಂಶ ಶೇ. 90 ದಾಟಿತು, ತಿಂದು ಬಿಟ್ಟ ಹುಳುವಿನ ಮೇಲೆ ಬೂದು ಬೂಸು ಎದ್ದಿತು. ದಾರಿ ತೋರಿಸಿದ್ದು ಅಮ್ಮ. ಮಳೆಗಾಲದಲ್ಲಿ ಸೀರೆಯ ಕಪಾಟಿನೊಳಗೆ ಬಲ್ಬ್ ಉರಿಸಿಡುವುದು ನಮ್ಮಲ್ಲಿ ರೂಢಿ. “ಅದನ್ನೂ ಸೀರೆಯ ಮೇಲಿನ ಅಂಕಣದಲ್ಲಿಡು” ಎಂದರು. ಕೆಳ ಅಂಕಣದಲ್ಲಿ ಹಳೆಯ 15 ವ್ಯಾಟ್ ಬಲ್ಬ್, ಮೇಲಿನದರಲ್ಲಿ ಪೆಟ್ಟಿಗೆ, ನಡುವೆ ಸಂದುಬಿಟ್ಟ ಹಲಗೆ. ಎಲ್‌ಇಡಿ ಆಗುವುದಿಲ್ಲ, ಅದರಲ್ಲಿ ಬೇಕಾದಷ್ಟು ಶಾಖವಿಲ್ಲ. ಪೆಟ್ಟಿಗೆಯ ಎದುರುಬದುರು ಗೋಡೆಗಳಲ್ಲಿ ಜಾಲರಿ ಕೂರಿಸಿ ಗಾಳಿ ಹಾಯುವಂತೆ ಮಾಡಿದೆ. ಮೇ ತಿಂಗಳಲ್ಲೇ ನಾರಿನ ಪುಡಿಯನ್ನು ಹಪ್ಪಳದಂತೆ ಒಣಗಿಸಿ ಡಬ್ಬದಲ್ಲಿ ತುಂಬಿಡುವುದು ಈಗ ಅಭ್ಯಾಸವಾಗಿದೆ. ಆ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚುವುದಿಲ್ಲ. ಸೊಳ್ಳೆಯನ್ನು ಕೊಲ್ಲುವ ಮದ್ದು ಜೇಡವನ್ನೂ ಕೊಲ್ಲುತ್ತದೆ. ಔಷಧಿ ಹೊಡೆದ ತೋಟದ ಮಿಡತೆಯನ್ನೂ ಹಾಕುವುದಿಲ್ಲ, ಆಹಾರಕ್ಕೆಂದೇ ಚಿಮ್ಮಂಡೆ ಸಾಕಿದ್ದೇನೆ.

ಜುಲೈ ಮಧ್ಯದಲ್ಲಿ ಜೇಡ ಎರಡೂ ಬಾಗಿಲುಗಳನ್ನು ನೂಲಿನಿಂದ ಮುಚ್ಚಿಕೊಂಡಿತು. ಹಾಕಿದ್ದ ಚಿಮ್ಮಂಡೆಯನ್ನು ಕೂಡಲೇ ಹೊರಗೆ ತೆಗೆದೆ. ಪೊರೆ ಬಿಡುವಾಗ ಜೇಡದ ಮೈ ಮೆತ್ತಗಿರುತ್ತದೆ, ಹುಳುವೇ ಅದನ್ನು ಕಡಿದುಬಿಡಬಹುದು. ಇಪ್ಪತ್ತಾರು ದಿನ ನೀರಿನ ಬಟ್ಟಲು ತುಂಬಿಸಿದ್ದು ಬಿಟ್ಟರೆ ಪೆಟ್ಟಿಗೆಗೆ ಕೈ ಹಾಕಲಿಲ್ಲ. ಆಗಸ್ಟಿನ ಒಂದು ಬೆಳಿಗ್ಗೆ ಒಂದು ಬಾಗಿಲು ತೆರೆದಿತ್ತು, ಹೊಸ್ತಿಲಲ್ಲಿ ಮುದುಡಿದ ಹಳೆಯ ಪೊರೆ ಬಿದ್ದಿತ್ತು. ಉದ್ದನೆಯ ಚಿಮಟದಿಂದ ಎತ್ತಿ, ಸಾಬೂನಿನ ನೀರಿನಲ್ಲಿ ನೆನೆಸಿ, ಹೊಟ್ಟೆಯ ಭಾಗವನ್ನು ಕುಂಚದಿಂದ ಮೆಲ್ಲಗೆ ಬಿಡಿಸಿದೆ. ಮೊದಲ ಜೋಡಿ ಶ್ವಾಸಕೋಶಗಳ ನಡುವಿನ ಗೆರೆಯ ಮೇಲೆ, ಭೂತಗನ್ನಡಿಯ ಕೆಳಗೆ, ವೀರ್ಯ ಕೂಡಿಡುವ ಪುಟ್ಟ ಚೀಲ ಸ್ಪಷ್ಟವಾಗಿ ಕಂಡಿತು.

ಅಮ್ಮನನ್ನು ಕರೆದು ಹೇಳಿದೆ, ಹೆಣ್ಣು. ಅಷ್ಟು ಹೊತ್ತಿಗೆ ಅವಳು ಹೊರಗೆ ಬಂದು, ಹೊಸ ನೀಲಿ ಕಾಲುಗಳನ್ನು ಚಾಚಿ, ಪೊರೆ ಎಳೆದಾಗ ಹರಿದಿದ್ದ ಹೊಸ್ತಿಲಿಗೆ ಮತ್ತೆ ನೂಲು ಹಚ್ಚುತ್ತಿದ್ದಳು.