ಸೀರೆ ಇತ್ತು, ಹುಡುಕಿದವರಿಗೆ ಸಿಗಲಿಲ್ಲ

ನಮ್ಮ ಇಳಕಲ್ ಸೀರೆಗಳ ಜಾಲತಾಣ ಕಟ್ಟಿದಾಗ ಬೆಲೆ, ಬಣ್ಣ, ದಡಿ ಎಲ್ಲವನ್ನೂ ಚಿತ್ರದ ಮೇಲೆಯೇ ಅಂದವಾಗಿ ಬರೆಸಿದ್ದೆ. ನಲವತ್ತು ಸೀರೆಗಳು ಒಂದೇ ಪುಟದಲ್ಲಿ! ಚಿತ್ರದೊಳಗಿನ ಅಕ್ಷರಗಳನ್ನು ಅಷ್ಟಾಗಿ ನೆಚ್ಚದ ಗೂಗಲ್‌ಗೆ ಅದು ಹೆಚ್ಚುಕಡಿಮೆ ಖಾಲಿ ಗೋಡೆ.

ಈಗ ಪ್ರತಿ ಸೀರೆಗೂ ಸ್ವಂತ ಪುಟ, ಸ್ವಂತ ವಿಳಾಸ ಕೊಟ್ಟಿದ್ದೇನೆ. ಶೀರ್ಷಿಕೆಯಲ್ಲಿ ‘ಸೀರೆ 047’ ಎಂದರೆ ಯಾರಿಗೆ ಏನು ತಿಳಿಯುತ್ತದೆ? ‘ಕೆಂಪು ತೋಪುತೆನೆ ಸೆರಗಿನ ಇಳಕಲ್ ಸೀರೆ, ಗೋಮಿ ದಡಿ’ ಎಂದು ಬರೆಯಿರಿ; ಕೊಳ್ಳುವವರು ಹುಡುಕುವ ಮಾತೇ ಅಲ್ಲಿರಲಿ. ಕೆಲವರು ‘ಇಲಕಲ್’ ಎಂದೂ ಬರೆಯುತ್ತಾರೆ. ಅದು ವಿವರಣೆಯಲ್ಲಿ ಒಮ್ಮೆ ಬಂದರೆ ಸಾಕು, ಹತ್ತು ಸಲ ತುರುಕಿದರೆ ಓದುವವರಿಗೆ ಉಬ್ಬಸ.

ಚಿತ್ರಕ್ಕೆ ಬದಲಿ ಪಠ್ಯ, ಅಂದರೆ ಚಿತ್ರದಲ್ಲಿ ಏನಿದೆ ಎಂದು ಹೇಳುವ ಸಾಲು (ಆಲ್ಟ್ ಟೆಕ್ಸ್ಟ್), ಕೊಡಿ. ಬೆಲೆ, ದಾಸ್ತಾನುಗಳನ್ನು ಯಂತ್ರಕ್ಕೂ ತಿಳಿಸಲು ಪುಟದ ಕೋಡ್‌ನಲ್ಲಿ ಸ್ಕೀಮಾ.ಆರ್ಗ್‌ನ ‘ಪ್ರಾಡಕ್ಟ್’ ಗುರುತು ಬಳಸಿ. ಗೂಗಲ್, ಬಿಂಗ್, ಯಾಹೂ ಸೇರಿ 2011ರಲ್ಲಿ ಆರಂಭಿಸಿದ ವ್ಯವಸ್ಥೆ ಅದು.

ನನ್ನನ್ನು ಹೆಚ್ಚು ಕಾಡಿದ್ದು ಫಿಲ್ಟರ್. ಬಣ್ಣ, ಬೆಲೆ ಆಯ್ದಾಗಲೆಲ್ಲ ಹೊಸ ವಿಳಾಸ ಹುಟ್ಟಿ, ಒಂದೇ ಪಟ್ಟಿಗೆ ನೂರು ನಕಲುಗಳಾಗಿದ್ದವು. ಅವುಗಳ ಕೋಡ್‌ನಲ್ಲಿ, ಮೂಲ ಪುಟ ಯಾವುದೆಂದು ಗೂಗಲ್‌ಗೆ ತೋರಿಸುವ ಕ್ಯಾನನಿಕಲ್ ಕೊಂಡಿ ಹಾಕಿದೆ.

ಮಾರಾಟವಾದ ಸೀರೆಯ ಪುಟವನ್ನು ತಕ್ಷಣ ಅಳಿಸಬೇಡಿ. ‘ದಾಸ್ತಾನಿಲ್ಲ’ ಎಂದು ಬರೆದು, ಅದೇ ದಡಿಯ ಬೇರೆ ಸೀರೆಗಳಿಗೆ ಕೊಂಡಿ ಕೊಡಿ.